ಕಾಲೇಜು ಬದಲಾಯಿಸುವ ಮಕ್ಕಳು: ಓದಿದ ಓದು ಲೆಕ್ಕಕ್ಕೆ ಬರಬೇಕಾದರೆ



ಬೋರ್ಡೋ ದ್ರಾವಣ, ಕಾಂಡಕೊರಕ, ಕೊಳೆರೋಗ, ಗೊಬ್ಬರದ ಪ್ರಮಾಣ, ಇವುಗಳನ್ನು ಬಿಟ್ಟು ಕಾಲೇಜಿನ ವಿಷಯವನ್ನು ನಮ್ಮ ಪತ್ರಿಕೆಯಲ್ಲಿ ಬರೆಯುವುದು ಅಪರೂಪ. ಆದರೆ ಈಚಿನ ವರ್ಷಗಳಲ್ಲಿ ಸಾಲದ ಕಂತು ಕಟ್ಟಲು ಸಂಘದ ಕಚೇರಿಗೆ ಬಂದ ಸದಸ್ಯರು, ರಸೀದಿ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾ ಎದ್ದು ಹೋಗುವ ಮುನ್ನ ಕೇಳುವ ಪ್ರಶ್ನೆಯೊಂದುಂಟು: “ಮಗ ಬೆಂಗಳೂರಿನಲ್ಲಿ ಎರಡು ವರ್ಷ ಓದಿದ್ದಾನೆ. ಇನ್ನು ಅಲ್ಲಿ ಇರಿಸಲಿಕ್ಕೆ ಆಗುವುದಿಲ್ಲ. ಊರ ಹತ್ತಿರದ ಕಾಲೇಜಿಗೆ ಸೇರಿಸಿದರೆ ಆ ಎರಡು ವರ್ಷ ಲೆಕ್ಕಕ್ಕೆ ಬರುತ್ತದೆಯೇ, ಇಲ್ಲ ಮೊದಲಿನಿಂದ ಓದಬೇಕೇ?”

ನಮ್ಮಂಥ ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಈ ಪ್ರಶ್ನೆ ಶೋಕಿಗಾಗಿ ಹುಟ್ಟುವುದಿಲ್ಲ. ತಂದೆ ಹಾಸಿಗೆ ಹಿಡಿದಾಗ, ಕೊನೆ ಕೊಯ್ಲಿಗೆ ಆಳು ಸಿಗದೆ ಮನೆಮಗನೇ ಬರಬೇಕಾದಾಗ, ಮಗಳನ್ನು ದೂರದ ಊರಿಗೆ ಕೊಟ್ಟಾಗ, ಫಸಲು ಕೈಕೊಟ್ಟು ಹಾಸ್ಟೆಲಿನ ಫೀಜು ಕಟ್ಟಲಾಗದಿದ್ದಾಗ ಹುಟ್ಟುತ್ತದೆ. ಆ ಹೊತ್ತಿನಲ್ಲಿ ಒಂದು ವರ್ಷ ಕಳೆದುಕೊಂಡರೆ ಎಷ್ಟೋ ಮಕ್ಕಳು ಓದನ್ನೇ ಬಿಡುತ್ತಾರೆ. ಆದುದರಿಂದ ನಮಗೆ ತಿಳಿದಷ್ಟನ್ನು ಸದಸ್ಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಓದಿದ್ದು ಲೆಕ್ಕಕ್ಕೆ ಬರುತ್ತದೆ. ಆದರೆ ತಾನಾಗಿ ಬರುವುದಿಲ್ಲ. ಹೊಸ ಕಾಲೇಜು ಒಪ್ಪಿಕೊಂಡಷ್ಟು ಮಾತ್ರ ಬರುತ್ತದೆ. ಹಾಗಾಗಿ ಹಳೆಯ ಕಾಲೇಜನ್ನು ಬಿಡುವ ಮುನ್ನವೇ ಕೇಳಬೇಕು, ಬಿಟ್ಟ ಮೇಲಲ್ಲ.

ಹಿಂದೆ ಹೇಗಿತ್ತು

ನಾವು 1988ರಲ್ಲಿ ಬೆಂಗಳೂರಿನ ಕಾಲೇಜೊಂದಕ್ಕೆ ಬಿ.ಎಸ್ಸಿ. ಪದವಿಗೆ ಸೇರಿದೆವು. ಮೊದಲ ವರ್ಷ ಮುಗಿಯುವ ಹೊತ್ತಿಗೆ ನಮ್ಮ ತಂದೆಯವರಿಗೆ ಕಾಯಿಲೆಯಾಯಿತು. ತೋಟ ನೋಡುವವರಿಲ್ಲದೆ ಊರಿಗೆ ಬಂದು, ಹತ್ತಿರದ ಪಟ್ಟಣದ ಕಾಲೇಜಿಗೆ ಅರ್ಜಿ ಹಾಕಿದೆವು. ಅದು ಬೇರೆ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜು. ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವೂ ಕೈಯಲ್ಲಿದ್ದವು. ಗುಮಾಸ್ತರು ನೋಡಿ, ನೀವು ಓದಿದ ಮೂರು ವಿಷಯಗಳ ಜೋಡಣೆ ನಮ್ಮಲ್ಲಿಲ್ಲ, ಮೊದಲ ವರ್ಷಕ್ಕೇ ಸೇರಿ ಎಂದರು. ಸೇರಿದೆವು. 1991ರಲ್ಲಿ ಸಿಗಬೇಕಾದ ಪದವಿ 1992ರಲ್ಲಿ ಸಿಕ್ಕಿತು. ಪಾಸು ಮಾಡಿದ್ದ ರಸಾಯನಶಾಸ್ತ್ರವನ್ನು ಅದೇ ಪುಸ್ತಕದಲ್ಲಿ ಎರಡನೆಯ ಸಲ ಓದಿದ್ದು ಇಂದಿಗೂ ನೆನಪಿದೆ.

ಆಗ ವರ್ಷವೇ ಅಳತೆಯ ಮಾನವಾಗಿತ್ತು. ವರ್ಷ ಪೂರ್ತಿ ಒಪ್ಪಿತವಾದರೆ ಉಂಟು, ಇಲ್ಲದಿದ್ದರೆ ಪೂರ್ತಿ ಇಲ್ಲ. ಹತ್ತು ಮೂಟೆಯಲ್ಲಿ ಒಂದು ಮೂಟೆ ಹಸಿಯಾಗಿದೆಯೆಂದು ಹತ್ತನ್ನೂ ಹಿಂದಕ್ಕೆ ಕಳಿಸಿದ ಹಾಗೆ. ಈ ತೊಂದರೆಗೆ ಪರಿಹಾರವೆಂದೇ ಕ್ರೆಡಿಟ್ ಪದ್ಧತಿಯನ್ನು ತಂದಿದ್ದಾರೆ.

ಕ್ರೆಡಿಟ್ ಎಂದರೇನು

ಕ್ರೆಡಿಟ್ ಎಂಬುದು ಓದಿನ ಒಂದು ಅಳತೆ. ಅಡಕೆಗೆ ಕ್ವಿಂಟಾಲು ಇದ್ದ ಹಾಗೆ ಓದಿಗೆ ಕ್ರೆಡಿಟ್. ಒಂದು ಸೆಮಿಸ್ಟರಿನಲ್ಲಿ 15 ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ 30 ಗಂಟೆಗೆ ಒಂದು. ಬರೀ ಪಾಠದ 4 ಕ್ರೆಡಿಟಿನ ಪತ್ರಿಕೆಯೆಂದರೆ 60 ಗಂಟೆಯ ಪಾಠ ಎಂದರ್ಥ. ಪತ್ರಿಕೆಯಲ್ಲಿ ಪಾಸಾದರೆ ಮಾತ್ರ ಕ್ರೆಡಿಟ್ ಕೈಗೆ ಬರುತ್ತದೆ. ತೂಕವನ್ನು ಕ್ರೆಡಿಟ್ ಹೇಳಿದರೆ, ಗುಣಮಟ್ಟವನ್ನು ಅಂಕ ಅಥವಾ ಗ್ರೇಡು ಹೇಳುತ್ತದೆ.

ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪಠ್ಯಕ್ರಮದ ಚೌಕಟ್ಟಿನಂತೆ ವರ್ಷಕ್ಕೆ 40 ಕ್ರೆಡಿಟ್, 3 ವರ್ಷದ ಪದವಿಗೆ ಕನಿಷ್ಠ 120, 4 ವರ್ಷದ ಆನರ್ಸ್ ಪದವಿಗೆ ಕನಿಷ್ಠ 160. ಇದು ಕನಿಷ್ಠ ಲೆಕ್ಕ. ಕೆಲವು ವಿಶ್ವವಿದ್ಯಾನಿಲಯಗಳು ಇದಕ್ಕಿಂತ ಹೆಚ್ಚು ಇಟ್ಟಿರುತ್ತವೆ.

ಪದ್ಧತಿ ನಮ್ಮಲ್ಲಿ ತೀರಾ ಹೊಸದೇನಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1964ರಲ್ಲಿ ಅಮೆರಿಕದ ಟೆನೆಸಿ ವಿಶ್ವವಿದ್ಯಾನಿಲಯದ ನೆರವಿನೊಂದಿಗೆ ಕಾರ್ಯಾರಂಭ ಮಾಡಿತು. ನಮ್ಮ ತೋಟಗಳಿಗೆ ಬರುವ ಕೃಷಿ ಪದವೀಧರರಿಗೆ ಕ್ರೆಡಿಟ್ ಎಂಬ ಶಬ್ದ ಹಳೆಯ ಪರಿಚಯ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿಯೂ ಕ್ರೆಡಿಟ್ ಲೆಕ್ಕವೇ. ಅಲ್ಲಿ ಮನೆಯಲ್ಲಿ ಕುಳಿತು ಓದುವ ಸಮಯವನ್ನೂ ಸೇರಿಸಿ 30 ಗಂಟೆಗೆ ಒಂದು ಕ್ರೆಡಿಟ್ ಎಣಿಸುತ್ತಾರೆ. ಒಂದೇ ಹೆಸರಿನ ಅಳತೆಯಾದರೂ ಎಲ್ಲ ಕಡೆಯ ಕೊಳಗ ಒಂದೇ ಗಾತ್ರದ್ದಲ್ಲವೆಂಬುದನ್ನು ಇಲ್ಲಿಯೇ ಗಮನಿಸಬೇಕು.

ಕ್ರೆಡಿಟ್ ಬ್ಯಾಂಕು

2021ರ ಜುಲೈಯಲ್ಲಿ ಆಯೋಗವು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಗೆ ನಿಯಮಾವಳಿ ಹೊರಡಿಸಿತು. ಹೆಸರು ಬ್ಯಾಂಕಾದರೂ ಇಲ್ಲಿ ಹಣವಿಲ್ಲ. ವಿದ್ಯಾರ್ಥಿಯು ಡಿಜಿಲಾಕರ್ ಮೂಲಕ ತನ್ನ ಹೆಸರಿನಲ್ಲಿ ಖಾತೆ ತೆರೆಯುತ್ತಾನೆ, 12 ಅಂಕಿಯ ಗುರುತಿನ ಸಂಖ್ಯೆ ಸಿಗುತ್ತದೆ. ಅವನು ಪಾಸಾದ ಪತ್ರಿಕೆಗಳ ಕ್ರೆಡಿಟುಗಳನ್ನು ಸಂಸ್ಥೆಯು ಆ ಖಾತೆಗೆ ಜಮಾ ಮಾಡುತ್ತದೆ. ಮುಂದೆ ಬೇರೆ ಕಡೆ ಸೇರಿದಾಗ ಆ ಜಮೆಯನ್ನು ಅಲ್ಲಿಗೆ ವರ್ಗಾಯಿಸಬಹುದು.

ಈ ಖಾತೆಯ ಬಗ್ಗೆ ಸದಸ್ಯರು ತಿಳಿದಿರಬೇಕಾದ ಮುಖ್ಯ ನಿಯಮಗಳು ನಾಲ್ಕು.

ಮೊದಲನೆಯದು, ವಿದ್ಯಾರ್ಥಿ ತಾನೇ ಅಂಕಪಟ್ಟಿ ಒಯ್ದು ಜಮಾ ಮಾಡುವಂತಿಲ್ಲ. ಸಂಸ್ಥೆ ಕಳಿಸಿದ್ದನ್ನು ಮಾತ್ರ ಬ್ಯಾಂಕು ಸ್ವೀಕರಿಸುತ್ತದೆ. ಎರಡನೆಯದು, 2021-22ನೆಯ ಶೈಕ್ಷಣಿಕ ವರ್ಷ ಮತ್ತು ಆನಂತರದ ಕ್ರೆಡಿಟುಗಳಿಗೆ ಮಾತ್ರ ಇಲ್ಲಿ ಜಾಗ. ಮೂರನೆಯದು, ಜಮೆಯಾದ ಕ್ರೆಡಿಟಿನ ಆಯುಷ್ಯ ಹೆಚ್ಚೆಂದರೆ 7 ವರ್ಷ. ನಾಲ್ಕನೆಯದು, ಒಮ್ಮೆ ಒಂದು ಪದವಿ ಅಥವಾ ಡಿಪ್ಲೊಮಾಕ್ಕೆ ಬಳಸಿದ ಕ್ರೆಡಿಟ್ ಖಾತೆಯಿಂದ ಖರ್ಚಾಗಿ ಹೋಗುತ್ತದೆ, ಅದನ್ನೇ ಮತ್ತೊಂದಕ್ಕೆ ತೋರಿಸುವಂತಿಲ್ಲ.

ರಸೀದಿ ಬೇರೆ, ಬೆಲೆ ಬೇರೆ

ಖಾತೆಯಲ್ಲಿ 80 ಕ್ರೆಡಿಟ್ ಇದೆ, ಇನ್ನೇನು ಚಿಂತೆ ಎಂದು ಹಲವರು ತಿಳಿಯುತ್ತಾರೆ. ಇಲ್ಲಿಯೇ ಎಡವುವುದು.

1990ರ ದಶಕದ ಮಧ್ಯದವರೆಗೆ ಇದ್ದ ಕಾಫಿ ಪೂಲ್ ಪದ್ಧತಿಯನ್ನು ಹಿರಿಯ ಸದಸ್ಯರು ಮರೆತಿರಲಾರರು. ಕಾಫಿಯನ್ನು ಒಯ್ದು ಒಪ್ಪಿಸಿದರೆ ತೂಕದ ರಸೀದಿ ಸಿಗುತ್ತಿತ್ತು. ನಾವು ಇಷ್ಟು ಮೂಟೆ ಒಪ್ಪಿಸಿದ್ದೇವೆ ಎಂಬುದಕ್ಕೆ ಅದು ಭದ್ರ ಪುರಾವೆ. ಆದರೆ ಅದಕ್ಕೆ ಎಷ್ಟು ಬೆಲೆ ಬಂತು ಎಂಬುದು ಔಟ್‌ಟರ್ನ್ ಮತ್ತು ದರ್ಜೆ ನೋಡಿದ ಮೇಲಿನ ಮಾತು. ಕ್ರೆಡಿಟ್ ಬ್ಯಾಂಕಿನ ಜಮೆಯೂ ಇಂಥ ರಸೀದಿಯೇ. ವಿದ್ಯಾರ್ಥಿ ಓದಿದ್ದಾನೆ, ಪಾಸಾಗಿದ್ದಾನೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಅದರಲ್ಲಿ ಎಷ್ಟನ್ನು ತಮ್ಮ ಪದವಿಗೆ ಒಪ್ಪಿಕೊಳ್ಳಬೇಕೆಂಬುದನ್ನು ತೀರ್ಮಾನಿಸುವುದು ಸೇರಿಸಿಕೊಳ್ಳುವ ಕಾಲೇಜು ಮತ್ತು ಅದರ ವಿಶ್ವವಿದ್ಯಾನಿಲಯ. ಸೀಟು ಖಾಲಿ ಇರಬೇಕೆಂಬುದಂತೂ ಇದ್ದೇ ಇದೆ.

ಎಲ್ಲೆಲ್ಲಿ ತೊಡಕು

ತೊಡಕು ಬರುವುದು ಸಾಮಾನ್ಯವಾಗಿ ನಾಲ್ಕು ಕಡೆ.

ಒಂದು, ಪಠ್ಯವಿಷಯದ ಹೊಂದಾಣಿಕೆ. ಭಾಷೆ, ಪರಿಸರ ಅಧ್ಯಯನ, ಸಂವಿಧಾನ ಇಂಥ ಪತ್ರಿಕೆಗಳಿಗೆ ತಕರಾರು ಕಡಿಮೆ. ಮುಖ್ಯ ವಿಷಯಗಳಲ್ಲಿ ಹಾಗಲ್ಲ. ವಾಣಿಜ್ಯದ ಹೆಸರಿನಲ್ಲಿಯೇ ಒಂದು ಕಡೆ ಮೂರನೆಯ ಸೆಮಿಸ್ಟರಿನಲ್ಲಿ ಹೇಳಿಕೊಡುವ ಪತ್ರಿಕೆ ಇನ್ನೊಂದು ಕಡೆ ಐದನೆಯದರಲ್ಲಿರಬಹುದು. ಹಾಗಾದಾಗ ಹುಡುಗ ಒಂದು ಪತ್ರಿಕೆಯನ್ನು ಎರಡು ಸಲ ಓದಬೇಕಾಗುತ್ತದೆ, ಮತ್ತೊಂದನ್ನು ಓದದೆಯೇ ಮುಂದೆ ಬಂದಿರುತ್ತಾನೆ.

ಎರಡು, ಅರ್ಧದ ಷರತ್ತು. ಪದವಿಗೆ ಬೇಕಾದ ಕ್ರೆಡಿಟುಗಳಲ್ಲಿ ಕನಿಷ್ಠ ಅರ್ಧವನ್ನಾದರೂ ಪದವಿ ಕೊಡುವ ಸಂಸ್ಥೆಯಲ್ಲಿಯೇ ಗಳಿಸಿರಬೇಕೆಂಬುದು ಬ್ಯಾಂಕಿನ ನಿಯಮಾವಳಿಯ ಅಳತೆ. 120ರ ಪದವಿಯಲ್ಲಿ ಅರ್ಧವೆಂದರೆ 60. ಎರಡು ವರ್ಷ ಮುಗಿಸಿ 80 ಕ್ರೆಡಿಟಿನೊಂದಿಗೆ ಹೊರಟವನಿಗೆ ಉಳಿದಿರುವುದು 40. ಷರತ್ತನ್ನು ಬಿಗಿಯಾಗಿ ಹಿಡಿದರೆ ಹೊಸ ಕಡೆ 60 ಗಳಿಸಬೇಕು, ತಂದ 80ರಲ್ಲಿ 20 ಕೆಲಸಕ್ಕೆ ಬಾರದು. ಒಂದು ವರ್ಷದ ನಂತರ 40ರೊಂದಿಗೆ ಹೊರಟವನಿಗೆ ಈ ತೊಡಕಿಲ್ಲ. ಆದುದರಿಂದ ಬದಲಾಯಿಸುವುದು ಅನಿವಾರ್ಯವೆಂದು ಮೊದಲೇ ತಿಳಿದರೆ ತಡಮಾಡದಿರುವುದು ಲೇಸು. ಒಂದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ ಎರಡು ಕಾಲೇಜುಗಳ ನಡುವೆ ಹೋಗುವಾಗ ಪದವಿ ಕೊಡುವವರು ಒಬ್ಬರೇ, ಪಠ್ಯಕ್ರಮವೂ ಒಂದೇ. ಸಾಧ್ಯವಿದ್ದಲ್ಲಿ ಈ ದಾರಿಯೇ ಎಲ್ಲಕ್ಕಿಂತ ಸಲೀಸು. ಸ್ವಾಯತ್ತ ಕಾಲೇಜುಗಳ ಪಠ್ಯಕ್ರಮ ಮಾತ್ರ ಅವರದೇ ಆಗಿರುತ್ತದೆ.

ಮೂರು, ಪದವಿಯ ವಿನ್ಯಾಸ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ 4 ವರ್ಷದ ಪದವಿಯ ಏರ್ಪಾಡನ್ನು ತಂದಿತು. ಪ್ರೊಫೆಸರ್ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024ರ ಮೇ ತಿಂಗಳ ಆದೇಶದಂತೆ 2024-25ರಿಂದ ಮತ್ತೆ 3 ವರ್ಷದ ಪದವಿಗೆ ಬಂದಿತು. ನೆರೆಯ ಕೇರಳವು ಅದೇ 2024ರ ಜುಲೈಯಲ್ಲಿ 4 ವರ್ಷದ ಪದವಿಯನ್ನು ಆರಂಭಿಸಿತು. ಕಾಸರಗೋಡಿನ ಕಡೆಯ ಅಡಕೆ ಬೆಳೆಗಾರರ ಮಕ್ಕಳು ಮಂಗಳೂರಿಗೂ, ಕೊಡಗಿನ ಮಕ್ಕಳು ಕಣ್ಣೂರಿನ ಕಡೆಗೂ ಓದಲು ಹೋಗುವುದುಂಟು. ಗಡಿ ದಾಟುವಾಗ ಬರೀ ಊರಲ್ಲ, ಪದವಿಯ ಅಚ್ಚೇ ಬೇರೆಯಾಗುತ್ತದೆಂಬುದು ನೆನಪಿರಲಿ. ನಮ್ಮ ರಾಜ್ಯದೊಳಗೂ ಮಧ್ಯದಲ್ಲಿ ಓದು ಬಿಟ್ಟು ಕೆಲ ವರ್ಷದ ನಂತರ ಮರಳುವವರು ಹಳೆಯ ವಿನ್ಯಾಸದಿಂದ ಹೊಸದಕ್ಕೆ ಬರುತ್ತಾರೆ.

ನಾಲ್ಕು, ಜಮೆಯಾಗದ ಕ್ರೆಡಿಟ್. ಇದು ಅತಿ ಸಣ್ಣ ಕಾರಣ, ಅತಿ ದೊಡ್ಡ ಕಿರುಕುಳ. ಸಂಸ್ಥೆಯವರು ಕಾಲಕ್ಕೆ ಸರಿಯಾಗಿ ಕಳಿಸದಿದ್ದರೆ ಖಾತೆ ಖಾಲಿ. ಆಧಾರ್ ಕಾರ್ಡಿನಲ್ಲಿ ಮನೆತನದ ಹೆಸರು ಪೂರ್ತಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ಲು, ಹೀಗಿರುವ ಮಕ್ಕಳು ನಮ್ಮ ಕಡೆ ಎಷ್ಟೋ ಮಂದಿ. ಹೆಸರು ಹೊಂದದಿದ್ದರೆ ಖಾತೆಯೂ ಹೊಂದುವುದಿಲ್ಲ.

ಒಬ್ಬ ಸದಸ್ಯರ ಮಗನ ಪ್ರಕರಣ

2024ರ ಮುಂಗಾರಿನಲ್ಲಿ ನಮ್ಮ ಸದಸ್ಯರೊಬ್ಬರಿಗೆ ಪಾರ್ಶ್ವವಾಯು ಬಡಿಯಿತು. ಮೂರು ಎಕರೆ ಅಡಕೆ, ನಡುವೆ ಕಾಫಿ. ಒಬ್ಬನೇ ಮಗ, ಬೆಂಗಳೂರಿನಲ್ಲಿ ವಾಣಿಜ್ಯ ಪದವಿಯ ನಾಲ್ಕು ಸೆಮಿಸ್ಟರು ಮುಗಿಸಿದ್ದ. ಊರಿಗೆ ಬಂದವನು ಪಟ್ಟಣದ ಕಾಲೇಜಿಗೆ ಹೋಗಿ ಕೇಳಿದ. ಖಾತೆ ತೆರೆದು ನೋಡಿದರೆ ಎರಡು ಸೆಮಿಸ್ಟರಿನ ಕ್ರೆಡಿಟ್ ಮಾತ್ರ ಇತ್ತು. ಉಳಿದೆರಡನ್ನು ಹಳೆಯ ಕಡೆಯವರು ಇನ್ನೂ ಕಳಿಸಿರಲಿಲ್ಲ. ಎರಡನೆಯ ವರ್ಷಕ್ಕೆ ಸೇರಿಸಿಕೊಳ್ಳುತ್ತೇವೆ ಎಂಬ ಉತ್ತರ ಬಂತು. ಹುಡುಗ ಮನೆಗೆ ಬಂದು, ಇನ್ನು ಓದು ಸಾಕು, ತೋಟ ನೋಡಿಕೊಳ್ಳುತ್ತೇನೆ ಎಂದುಬಿಟ್ಟ.

ತಾಯಿ ಸಂಘಕ್ಕೆ ಬಂದು ವಿಷಯ ತಿಳಿಸಿದರು. ನಮ್ಮದೇ ಹಳೆಯ ಕಥೆ ನೆನಪಾಗಿ ನಾವೂ ಜೊತೆಗೆ ಹೊರಟೆವು. ಪ್ರಾಂಶುಪಾಲರು ಸಮಾಧಾನದಿಂದ ಕೇಳಿದರು. ಹುಡುಗನನ್ನು ಐದನೆಯ ಸೆಮಿಸ್ಟರಿಗೆ ತೆಗೆದುಕೊಳ್ಳಬೇಕಾದರೆ ಅವನು ಓದಿದ್ದು ಏನೆಂದು ವಿಶ್ವವಿದ್ಯಾನಿಲಯಕ್ಕೆ ತೋರಿಸಬೇಕು, ಪ್ರತಿ ಪತ್ರಿಕೆಯ ಪಠ್ಯಕ್ರಮ ತನ್ನಿ ಎಂದರು. ಹುಡುಗ ಅದನ್ನು ಇಟ್ಟಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಪಠ್ಯಕ್ರಮದ ಹಾಳೆ ಯಾರು ಇಡುತ್ತಾರೆ? ಅವನು ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಎರಡು ದಿನ ಕಾದು, ಮೊಹರು ಹಾಕಿಸಿದ ಪ್ರತಿ ತಂದ. ಬಾಕಿ ಕ್ರೆಡಿಟ್ ಜಮಾ ಮಾಡಲು ಅಲ್ಲಿಯೇ ಲಿಖಿತ ಅರ್ಜಿ ಕೊಟ್ಟು ಹಿಂಬರಹ ಪಡೆದ.

ಪ್ರವೇಶದ ಕೊನೆಯ ದಿನಕ್ಕೆ ನಾಲ್ಕು ದಿನ ಇರುವಾಗ ಆದೇಶ ಬಂತು. ಐದನೆಯ ಸೆಮಿಸ್ಟರಿಗೆ ಸೇರಬಹುದು, ಹೊಂದಾಣಿಕೆಯಾಗದ ಎರಡು ಪತ್ರಿಕೆಗಳನ್ನು ಹೆಚ್ಚುವರಿಯಾಗಿ ಬರೆಯಬೇಕು ಎಂಬ ಷರತ್ತು. ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ತೋಟ. ಎರಡೂ ಪತ್ರಿಕೆಗಳನ್ನು ಅದೇ ವರ್ಷ ಪಾಸು ಮಾಡಿದ. ಒಂದು ವರ್ಷ ಉಳಿಯಿತು. ಉಳಿಸಿದ್ದು ಬ್ಯಾಂಕಿನ ಖಾತೆಯಲ್ಲ, ಪಠ್ಯಕ್ರಮದ ಆ ಕಂತೆ ಎಂದೇ ನಮ್ಮ ಅಭಿಪ್ರಾಯ. ಆ ಕಂತೆ ಒಂದು ವಾರ ತಡವಾಗಿದ್ದರೂ ವರ್ಷ ಹೋಗುತ್ತಿತ್ತು.

ಏನು ಮಾಡಬೇಕು

ಮಗ ಅಥವಾ ಮಗಳು ಪದವಿಗೆ ಸೇರಿದ ಮೊದಲ ತಿಂಗಳಲ್ಲಿಯೇ ಖಾತೆ ತೆರೆಯಿಸಿರಿ. ಆಧಾರ್ ಮತ್ತು ಅಂಕಪಟ್ಟಿಯ ಹೆಸರು, ಜನ್ಮದಿನಾಂಕ ಅಕ್ಷರಶಃ ಒಂದೇ ಇರುವಂತೆ ಆಗಲೇ ಸರಿಪಡಿಸಿರಿ. ಪ್ರತಿ ಸೆಮಿಸ್ಟರಿನ ಫಲಿತಾಂಶ ಬಂದ ಮೇಲೆ ಖಾತೆ ನೋಡಿ, ಜಮೆಯಾಗದಿದ್ದರೆ ಕಾಲೇಜಿಗೆ ಬರಹದಲ್ಲಿ ತಿಳಿಸಲಿ. ಪ್ರತಿ ಸೆಮಿಸ್ಟರಿನ ಪಠ್ಯಕ್ರಮದ ಒಂದು ಪ್ರತಿಯನ್ನು ಅಂಕಪಟ್ಟಿಯ ಜೊತೆಯಲ್ಲಿಯೇ ಇಡಿರಿ. ಪಹಣಿ ಇಡುವ ಪೆಟ್ಟಿಗೆಯಲ್ಲಿ ಇದಕ್ಕೂ ಜಾಗವಿರಲಿ.

ಬದಲಾಯಿಸುವ ಯೋಚನೆ ಬಂದಾಗ ಮೊದಲು ಹೊಸ ಕಾಲೇಜಿಗೆ ಹೋಗಿರಿ. ಮೂರು ಪ್ರಶ್ನೆ ಕೇಳಿರಿ: ಎಷ್ಟನೆಯ ಸೆಮಿಸ್ಟರಿಗೆ ಸೇರಿಸಿಕೊಳ್ಳುತ್ತೀರಿ? ತಂದ ಕ್ರೆಡಿಟುಗಳಲ್ಲಿ ಯಾವ ಯಾವುದನ್ನು ಒಪ್ಪುತ್ತೀರಿ? ಹೆಚ್ಚುವರಿಯಾಗಿ ಯಾವ ಪತ್ರಿಕೆ ಬರೆಯಬೇಕು? ಉತ್ತರ ಬಾಯಿಮಾತಿನಲ್ಲಿ ಸಾಲದು, ಬರಹದಲ್ಲಿ ಬೇಕು. ಅದು ಕೈಗೆ ಬಂದ ಮೇಲೆಯೇ ಹಳೆಯ ಕಾಲೇಜಿನಿಂದ ವರ್ಗಾವಣೆ ಪತ್ರ ಪಡೆಯಿರಿ. ಅವಸರಪಟ್ಟು ವರ್ಗಾವಣೆ ಪತ್ರ ಮೊದಲೇ ತೆಗೆದುಕೊಂಡವರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತಾಗಿ ಕುಳಿತಿದ್ದನ್ನು ಕಂಡಿದ್ದೇವೆ.

ಓದು ನಿಲ್ಲಿಸಲೇಬೇಕಾದರೆ ಸುಮ್ಮನೆ ಹೋಗುವುದನ್ನು ಬಿಡದಿರಲಿ, ಕ್ರಮಪ್ರಕಾರ ಬಿಡಲಿ. ಆಯೋಗದ ಚೌಕಟ್ಟಿನಂತೆ ಒಂದು ವರ್ಷದ 40 ಕ್ರೆಡಿಟ್ ಜೊತೆಗೆ ಬೇಸಿಗೆಯಲ್ಲಿ 4 ಕ್ರೆಡಿಟಿನ ಒಂದು ವೃತ್ತಿ ಕೋರ್ಸು ಮುಗಿಸಿದವರಿಗೆ ಸರ್ಟಿಫಿಕೇಟು, ಎರಡು ವರ್ಷದ 80ರ ಜೊತೆಗೆ ಅಂಥದೇ ಕೋರ್ಸು ಮುಗಿಸಿದವರಿಗೆ ಡಿಪ್ಲೊಮಾ ಉಂಟು. 3 ವರ್ಷದೊಳಗೆ ಮರಳಿ ಸೇರಿ, ಒಟ್ಟು 7 ವರ್ಷದೊಳಗೆ ಪದವಿ ಮುಗಿಸಬಹುದು. ತಮ್ಮ ವಿಶ್ವವಿದ್ಯಾನಿಲಯದಲ್ಲಿ ಈ ಅವಕಾಶವನ್ನು ಇಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಇದು ವಿಶೇಷವಾಗಿ ಉಪಯುಕ್ತ. ಸಂಬಂಧ ಮಾತಾಡುವಾಗಲೇ ಆ ಊರಿನ ಹತ್ತಿರ ಯಾವ ಕಾಲೇಜಿದೆ, ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹೊರದೇಶಕ್ಕೆ ಹೋಗುವವರಿಗೆ ಒಂದು ಮಾತು. ಅಮೆರಿಕದಲ್ಲಿಯೂ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಆದರೆ ಅಲ್ಲಿ ಅದು 4 ವರ್ಷದ ಓದು. ಯೂರೋಪಿನಲ್ಲಿ ಒಂದು ವರ್ಷಕ್ಕೇ 60. ಅಂಕಿ ನೋಡಿ ಸಮವೆಂದು ಭಾವಿಸಬಾರದು. ಅಲ್ಲಿಯೂ ಕೇಳುವುದು ಪಠ್ಯಕ್ರಮದ ಪ್ರತಿಯನ್ನೇ.

ಸದಸ್ಯರ ಮಕ್ಕಳಲ್ಲಿ ಯಾರಿಗಾದರೂ ಇಂಥ ಸಂದರ್ಭ ಬಂದಿದ್ದಲ್ಲಿ ಸಂತೆಯ ದಿನ ಕಾಗದಪತ್ರಗಳೊಂದಿಗೆ ಕಚೇರಿಗೆ ಬನ್ನಿರಿ. ಅರ್ಜಿ ಬರೆದುಕೊಡುವುದು, ಖಾತೆ ತೆರೆದು ನೋಡುವುದು, ಬೇಕಾದರೆ ಕಾಲೇಜಿನವರೆಗೆ ಜೊತೆಗೆ ಬರುವುದು ನಮ್ಮಿಂದ ಆಗುವ ಕೆಲಸ. ಸಂಕೋಚಪಟ್ಟು ಪ್ರವೇಶದ ಕೊನೆಯ ದಿನ ಕಳೆದ ಮೇಲೆ ಬಂದರೆ ಮಾತ್ರ ಆ ವರ್ಷಕ್ಕೆ ಯಾರೂ ಏನೂ ಮಾಡಲಾಗದು.

— ಕಾರ್ಯದರ್ಶಿ